ಹೋಮ್ಸನನ್ನು ಸೃಷ್ಟಿಸಿದ ವೈದ್ಯ

ಲಂಡನ್ ನಗರದಲ್ಲಿ ಬೇಕರ್ ಬೀದಿ ಎಂಬ ಹೆಸರಿನ ಬೀದಿಯೊಂದಿದೆ. ಆ ಬೀದಿಯ 221 ಬಿ ಸಂಖ್ಯೆಯ ವಿಳಾಸಕ್ಕೆ ಜಗತ್ತಿನ ನಾನಾ ಮೂಲೆಗಳಿಂದ ದಶಕಗಳ ಕಾಲ ಕಾಗದಗಳು ಬರುತ್ತಿದ್ದುವು. ತಮ್ಮ ಕಷ್ಟಗಳನ್ನು ತೋಡಿಕೊಂಡು ಪರಿಹಾರವನ್ನು ಬೇಡಿದವರು ಕೆಲವರು. ಹೊಗಳಿ ಬರೆದವರು ಕೆಲವರು. 1932ರಿಂದ ಆ ಸಂಖ್ಯೆಯನ್ನು ಒಳಗೊಂಡ ಕಟ್ಟಡದಲ್ಲಿದ್ದ ಹಣಕಾಸಿನ ಸಂಸ್ಥೆಯೊಂದು ಈ ಕಾಗದಗಳಿಗೆ ಉತ್ತರ ಬರೆಯುವುದಕ್ಕೆಂದೇ ಒಬ್ಬ ಕಾರ್ಯದರ್ಶಿಯನ್ನು ನೇಮಿಸಬೇಕಾಯಿತು. ಸೋಜಿಗದ ಸಂಗತಿಯೆಂದರೆ, ಯಾರ ಹೆಸರಿಗೆ ಈ ಕಾಗದಗಳು ಬರುತ್ತಿದ್ದುವೋ ಆ ಮನುಷ್ಯನು ಅಲ್ಲಿ ಎಂದೂ ವಾಸವಾಗಿರಲಿಲ್ಲ. ಅಲ್ಲಿ ಮಾತ್ರವಲ್ಲ, ಎಲ್ಲಿಯೂ ವಾಸವಾಗಿರಲಿಲ್ಲ! ಅವನು ಹುಟ್ಟಿದ್ದು ಒಬ್ಬ ಲೇಖಕನ ಕಲ್ಪನೆಯಲ್ಲಿ; ಬಾಳಿದ್ದು ಓದುಗರ ಮನಸ್ಸಿನಲ್ಲಿ. ಅವನ ಹೆಸರು ಷರ್ಲಾಕ್ ಹೋಮ್ಸ್.

ಹೋಮ್ಸನ ಹೆಸರನ್ನು ಕೇಳದವರು ವಿರಳ. ಆದರೆ ಅವನನ್ನು ಸೃಷ್ಟಿಸಿದ ಸರ್ ಆರ್ಥರ್ ಕಾನನ್ ಡಾಯ್ಲ್‌ನ ಬಾಳನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ಮಗನ ಕೀರ್ತಿಯ ಬೆಳಕಿನಲ್ಲಿ ತಂದೆಯು ಮರೆಯಾದಂತೆ, ಪಾತ್ರದ ಕೀರ್ತಿಯ ಮುಂದೆ ಲೇಖಕನು ಮಂಕಾದನು. ಆದರೆ ಡಾಯ್ಲ್‌ನ ಬದುಕು ಅವನ ಯಾವ ಕಥೆಗೂ ಕಡಮೆಯಾದುದಲ್ಲ. ಅದರಲ್ಲಿ ಬಡತನವಿದೆ, ಸಾಹಸವಿದೆ, ಶೋಕವಿದೆ. ನಿರಪರಾಧಿಗಳಿಗಾಗಿ ನಡೆಸಿದ ಹೋರಾಟವೂ ಇದೆ.

ಆರ್ಥರ್ ಡಾಯ್ಲ್ 1859ರ ಮೇ 22ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದನು. ಅವನ ಮನೆತನ ಮೂಲತಃ ಐರ್ಲೆಂಡಿನದು. ತಾತ ಜಾನ್ ಡಾಯ್ಲ್ ಹೆಸರಾಂತ ವ್ಯಂಗ್ಯಚಿತ್ರಕಾರ. ದೊಡ್ಡಪ್ಪ ರಿಚರ್ಡ್ ಡಾಯ್ಲ್ 'ಪಂಚ್' ಪತ್ರಿಕೆಯ ಚಿತ್ರಗಳಿಂದ ಪ್ರಖ್ಯಾತನಾದವನು. ತಂದೆ ಚಾರ್ಲ್ಸ್ ಡಾಯ್ಲ್‌ನ ಕೈಯಲ್ಲಿಯೂ ಚಿತ್ರಕಲೆಯಿತ್ತು. ಆದರೆ ಸರ್ಕಾರಿ ಕಚೇರಿಯೊಂದರ ಚಿಕ್ಕ ಸಂಬಳದ ನೌಕರಿಯಲ್ಲಿಯೇ ಅವನ ಬಾಳು ಸವೆಯಿತು. ಅವನು ಮದ್ಯಪಾನಕ್ಕೆ ದಾಸನಾಗಿ, ಕಡೆಗೆ ಮನೋರೋಗಿಗಳ ಆಸ್ಪತ್ರೆಗಳಲ್ಲಿ ದಿನಗಳನ್ನು ಕಳೆಯುವಂತಾಯಿತು. ಮಕ್ಕಳಿಂದ ತುಂಬಿದ ಸಂಸಾರದ ಭಾರವೆಲ್ಲ ತಾಯಿ ಮೇರಿಯ ಹೆಗಲ ಮೇಲೆ ಬಿತ್ತು. ಆಕೆ ಎದೆಗುಂದಲಿಲ್ಲ. ಪುಸ್ತಕಗಳೆಂದರೆ ಆಕೆಗೆ ಪ್ರಾಣ. ವೀರಯೋಧರ ಕಥೆಗಳನ್ನು, ಮನೆತನದ ಹಿರಿಯರ ಸಾಹಸಗಳನ್ನು ಆಕೆ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಳು. ಕಥೆಯಲ್ಲಿ ಕುತೂಹಲ ಕೆರಳಿಸುವ ಸನ್ನಿವೇಶ ಬಂದಾಗ ಆಕೆಯ ದನಿ ತಗ್ಗುತ್ತಿತ್ತು. ಬಾಲಕನ ಮೈ ಜುಮ್ಮೆನ್ನುತ್ತಿತ್ತು. ತನ್ನ ಕಥನಶಕ್ತಿಗೆ ತಾಯಿಯೇ ಮೂಲವೆಂದು ಡಾಯ್ಲ್ ಕೊನೆಯವರೆಗೂ ನಂಬಿದ್ದನು.

ಸ್ಥಿತಿವಂತರಾದ ಬಂಧುಗಳ ನೆರವಿನಿಂದ ಬಾಲಕನು ಒಂಬತ್ತನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ವಸತಿಶಾಲೆಗೆ ಸೇರಿದನು. ಸ್ಟೋನಿಹರ್ಸ್ಟ್ ಎಂಬಲ್ಲಿ ಜೆಸ್ಯುಯಿಟ್ ಪಾದ್ರಿಗಳು ನಡೆಸುತ್ತಿದ್ದ ಆ ಶಾಲೆಯ ಶಿಸ್ತು ಬಲು ಬಿಗಿಯಾದುದು. ಬೆತ್ತದ ರುಚಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಿಡುವಿನ ದಿನಗಳಲ್ಲಿ ಅವನು ಸಹಪಾಠಿಗಳ ನಡುವೆ ಕುಳಿತು ಕಥೆ ಹೇಳತೊಡಗಿದರೆ ಎಲ್ಲರೂ ಬಾಯಿ ಬಿಟ್ಟು ಕೇಳುತ್ತಿದ್ದರು. ತಿನ್ನುವುದಕ್ಕೆ ಏನನ್ನಾದರೂ ಕೊಟ್ಟಲ್ಲದೆ ಅವನು ಕಥೆ ಆರಂಭಿಸುತ್ತಿರಲಿಲ್ಲ. ಕಥೆಯ ಉಸಿರು ಕಟ್ಟಿಸುವ ಘಟ್ಟದಲ್ಲಿ ಥಟ್ಟನೆ ನಿಲ್ಲಿಸಿ, ಇನ್ನೊಂದು ಕಡುಬು ಕೈಗೆ ಬಂದ ಮೇಲೆಯೇ ಮುಂದುವರಿಸುತ್ತಿದ್ದನು. ಮುಂದೆ ಮಾಸಪತ್ರಿಕೆಯ ಲಕ್ಷಾಂತರ ಓದುಗರನ್ನು ತಿಂಗಳುಗಟ್ಟಲೆ ಕಾಯಿಸಿದ ಕಲೆಗೆ ಶಾಲೆಯ ಅಂಗಳದಲ್ಲಿಯೇ ಅಭ್ಯಾಸ ನಡೆದಿತ್ತು.

1876ರಲ್ಲಿ ಡಾಯ್ಲ್ ವೈದ್ಯಶಾಸ್ತ್ರವನ್ನು ಓದಲು ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಅವನಿಗೆ ಜೋಸೆಫ್ ಬೆಲ್ ಎಂಬ ಶಸ್ತ್ರವೈದ್ಯನು ಗುರುವಾಗಿ ದೊರೆತುದು ಅವನ ಬಾಳಿನ ಮಹಾಭಾಗ್ಯ. ತೆಳುವಾದ ಮೈಕಟ್ಟು, ಗಿಡುಗನ ಕೊಕ್ಕಿನಂಥ ಮೂಗು, ಒಳಹೊಕ್ಕು ನೋಡುವ ಕಣ್ಣುಗಳು — ಇದು ಬೆಲ್‌ನ ರೂಪ. ರೋಗಿಯು ಬಾಯಿ ತೆರೆಯುವ ಮೊದಲೇ ಅವನ ರೋಗವನ್ನು ಮಾತ್ರವಲ್ಲ, ಅವನ ಕಸುಬು, ಊರು, ಹಿನ್ನೆಲೆಗಳನ್ನು ಕೂಡ ಬೆಲ್ ಹೇಳಿಬಿಡುತ್ತಿದ್ದನು. ಇದು ಮಂತ್ರವೂ ಅಲ್ಲ, ಕಣ್ಕಟ್ಟೂ ಅಲ್ಲ. ಒಮ್ಮೆ ಸಾಧಾರಣ ಉಡುಪಿನ ಒಬ್ಬ ರೋಗಿಯು ಬಂದು ನಿಂತನು. ಅವನು ಸೇನೆಯಿಂದ ಈಚೆಗೆ ಬಿಡುಗಡೆ ಹೊಂದಿದವನೆಂದೂ, ಸ್ಕಾಟ್ಲೆಂಡಿನ ಪಡೆಯೊಂದರಲ್ಲಿ ಕೆಳದರ್ಜೆಯ ಅಧಿಕಾರಿಯಾಗಿ ಬಾರ್ಬಡೋಸ್ ದ್ವೀಪದಲ್ಲಿದ್ದವನೆಂದೂ ಬೆಲ್ ಹೇಳಿದನು. ಎಲ್ಲವೂ ನಿಜವಾಗಿತ್ತು. ಬೆರಗಾದ ವಿದ್ಯಾರ್ಥಿಗಳಿಗೆ ಅವನು ಕಾರಣಗಳನ್ನು ಬಿಡಿಸಿ ತೋರಿಸಿದನು. ಬಂದವನು ಮರ್ಯಾದಸ್ಥನಾಗಿ ಕಂಡರೂ ಟೋಪಿಯನ್ನು ತೆಗೆಯಲಿಲ್ಲ; ಸೇನೆಯಲ್ಲಿ ಆ ರೂಢಿಯಿಲ್ಲ; ಬಿಟ್ಟು ಬಹಳ ದಿನಗಳಾಗಿದ್ದರೆ ನಾಗರಿಕರ ನಡವಳಿಕೆಯನ್ನು ಕಲಿತಿರುತ್ತಿದ್ದನು. ಅವನ ನಿಲುವಿನಲ್ಲಿ ಅಧಿಕಾರದ ಠೀವಿಯಿತ್ತು, ಸ್ಕಾಟ್ಲೆಂಡಿನವನೆಂಬುದು ಸ್ಪಷ್ಟವಾಗಿತ್ತು. ಅವನ ಕಾಯಿಲೆ ಆನೆಕಾಲು. ಅದು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬರುವಂಥದು, ಬ್ರಿಟನ್ನಿನಲ್ಲಿ ಅಲ್ಲ. ಇಷ್ಟೇ ಇದರ ಗುಟ್ಟು. ಎಲ್ಲರ ಕಣ್ಣಿಗೂ ಬಿದ್ದುದನ್ನೇ ಬೆಲ್ ಕಂಡಿದ್ದನು. ಆದರೆ ಕಂಡುದನ್ನು ಒಂದಕ್ಕೊಂದು ಜೋಡಿಸಿದ್ದನು. ಬೆಲ್‌ನ ಸಹಾಯಕನಾಗಿ ರೋಗಿಗಳನ್ನು ಒಳಗೆ ಕಳುಹಿಸುತ್ತಿದ್ದ ಡಾಯ್ಲ್‌ಗೆ ಇದನ್ನು ಹತ್ತಿರದಿಂದ ನೋಡುವ ಅವಕಾಶ ಒದಗಿತು.

ಓದಿನ ಖರ್ಚಿಗೆ ಹಣ ಸಾಲದೆ ಡಾಯ್ಲ್ ನಡುನಡುವೆ ಬೇರೆ ವೈದ್ಯರ ಬಳಿ ಸಹಾಯಕನಾಗಿ ದುಡಿದನು. 1880ರಲ್ಲಿ 'ಹೋಪ್' ಎಂಬ ತಿಮಿಂಗಿಲ ಬೇಟೆಯ ಹಡಗಿನಲ್ಲಿ ವೈದ್ಯನ ಕೆಲಸ ದೊರೆತಾಗ ಓದನ್ನು ಕೆಲವು ತಿಂಗಳು ಬದಿಗಿರಿಸಿ ಉತ್ತರ ಧ್ರುವ ಪ್ರದೇಶದ ಸಮುದ್ರಕ್ಕೆ ಹೊರಟನು. ಹಿಮದ ಹಾಸುಗಳ ಮೇಲೆ ಓಡಾಡುವಾಗ ಹಲವು ಬಾರಿ ಕೊರೆಯುವ ನೀರಿಗೆ ಬಿದ್ದು ಬದುಕಿ ಬಂದನು. ಅವನಿಗೆ ಇಪ್ಪತ್ತೊಂದು ವರ್ಷ ತುಂಬಿದುದು ಆ ಹಡಗಿನಲ್ಲಿಯೇ. 1881ರಲ್ಲಿ ವೈದ್ಯಪದವಿಯನ್ನು ಪಡೆದು, ಮತ್ತೊಂದು ಹಡಗಿನಲ್ಲಿ ಪಶ್ಚಿಮ ಆಫ್ರಿಕದ ತೀರಕ್ಕೆ ಹೋಗಿ, ವಿಷಮಜ್ವರದಿಂದ ಸಾಯುವ ಸ್ಥಿತಿಯನ್ನು ತಲಪಿ ಹಿಂದಿರುಗಿದನು.

1882ರಲ್ಲಿ ಪೋರ್ಟ್ಸ್‌ಮತ್ ನಗರದ ಸೌತ್‌ಸೀ ಎಂಬಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಡಾಯ್ಲ್ ಸ್ವಂತ ವೈದ್ಯವೃತ್ತಿಯನ್ನು ಆರಂಭಿಸಿದನು. ಆಗ ಅವನ ಕೈಯಲ್ಲಿದ್ದ ಹಣ ಹತ್ತು ಪೌಂಡಿಗೂ ಕಡಮೆ. ರೋಗಿಗಳ ಕಣ್ಣಿಗೆ ಬೀಳುವ ಮುಂದಿನ ಕೋಣೆಗೆ ಮಾತ್ರ ಪೀಠೋಪಕರಣಗಳಿದ್ದುವು; ಒಳಮನೆ ಬರಿದಾಗಿತ್ತು. ಹತ್ತು ವರ್ಷದ ತಮ್ಮ ಇನ್ನೆಸ್ ಬಂದು ಜೊತೆಗೂಡಿ, ಬಾಗಿಲು ತೆರೆಯುವ ಕೆಲಸವನ್ನು ವಹಿಸಿಕೊಂಡನು. ಆದರೆ ಬಾಗಿಲು ತಟ್ಟುವವರೇ ಅಪರೂಪ. ಮೊದಲ ವರ್ಷದ ವರಮಾನ ಎಷ್ಟು ಅಲ್ಪವಾಗಿತ್ತೆಂದರೆ, ತೆರಿಗೆ ಕೊಡುವಷ್ಟು ಆದಾಯ ತನಗಿಲ್ಲವೆಂದು ಅವನು ತಿಳಿಸಬೇಕಾಯಿತು. ತೆರಿಗೆಯ ಅಧಿಕಾರಿಯು ಇದು ತೃಪ್ತಿಕರವಾಗಿಲ್ಲವೆಂದು ಬರೆದು ಕಾಗದವನ್ನು ಹಿಂದಿರುಗಿಸಿದನು. ತನ್ನ ಅಭಿಪ್ರಾಯವೂ ಅದೇ ಎಂದು ಡಾಯ್ಲ್ ಅದರ ಕೆಳಗೆ ಬರೆದು ಕಳುಹಿಸಿದನು! ಬಡತನದಲ್ಲಿಯೂ ನಗುವ ಗುಣ ಅವನನ್ನು ಬಿಟ್ಟುಹೋಗಲಿಲ್ಲ.

ರೋಗಿಗಳಿಲ್ಲದ ಹೊತ್ತಿನಲ್ಲಿ ಅವನು ಕಥೆಗಳನ್ನು ಬರೆದು ಪತ್ರಿಕೆಗಳಿಗೆ ಕಳುಹಿಸತೊಡಗಿದನು. 1885ರಲ್ಲಿ ಲೂಯಿಸಾ ಹಾಕಿನ್ಸ್ ಎಂಬ ಸಾಧುಸ್ವಭಾವದ ತರುಣಿಯೊಡನೆ ಅವನ ವಿವಾಹವಾಯಿತು. ಮರುವರ್ಷ ಅವನು ಒಂದು ಪತ್ತೇದಾರಿ ಕಾದಂಬರಿಯನ್ನು ಬರೆಯಲು ಮನಸ್ಸು ಮಾಡಿದನು. ಈ ಬಗೆಯ ಸಾಹಿತ್ಯ ಅದಕ್ಕೆ ಮೊದಲೇ ಹುಟ್ಟಿತ್ತು. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿಯೇ ದ್ಯೂಪಾನ್ ಎಂಬ ಪತ್ತೇದಾರನನ್ನು ಸೃಷ್ಟಿಸಿದ್ದನು. ಫ್ರಾನ್ಸಿನ ಗಾಬೋರಿಯೋ ಅದೇ ಹಾದಿಯಲ್ಲಿ ನಡೆದಿದ್ದನು. ಆದರೆ ಆ ಕಾಲದ ಬಹುತೇಕ ಪತ್ತೇದಾರಿ ಕಥೆಗಳಲ್ಲಿ ಅಪರಾಧಿಯು ಸಿಕ್ಕಿಬೀಳುತ್ತಿದ್ದುದು ಆಕಸ್ಮಿಕದಿಂದ ಅಥವಾ ಅವನ ಸ್ವಂತ ಮೂರ್ಖತನದಿಂದ. ಇದು ಡಾಯ್ಲ್‌ಗೆ ರುಚಿಸಲಿಲ್ಲ. ಗುರು ಬೆಲ್‌ನು ರೋಗವನ್ನು ಪತ್ತೆ ಹಚ್ಚುವಂತೆ ಅಪರಾಧವನ್ನು ಪತ್ತೆ ಹಚ್ಚುವವನೊಬ್ಬನಿದ್ದರೆ ಹೇಗೆ ಎಂದು ಅವನು ಯೋಚಿಸಿದನು. ಆ ಯೋಚನೆಯಿಂದ ಹೋಮ್ಸ್ ಹುಟ್ಟಿದನು. ಮೊದಲು ಅವನಿಗೆ ಷೆರಿನ್‌ಫರ್ಡ್ ಎಂದು ಹೆಸರಿಡಲು ಹೊರಟಿದ್ದ ಲೇಖಕನು ಕಡೆಗೆ ಷರ್ಲಾಕ್ ಎಂಬುದನ್ನು ಆರಿಸಿಕೊಂಡನು.

ಹೋಮ್ಸನ ಪಕ್ಕದಲ್ಲಿ ಡಾಕ್ಟರ್ ವಾಟ್ಸನ್ನನನ್ನು ನಿಲ್ಲಿಸಿದುದು ಡಾಯ್ಲ್‌ನ ಜಾಣತನಕ್ಕೆ ಸಾಕ್ಷಿ. ವಾಟ್ಸನ್ ಸೇನೆಯ ವೈದ್ಯನಾಗಿ ಬೊಂಬಾಯಿಗೆ ಬಂದಿಳಿದು, ಆಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಲಂಡನ್ನಿಗೆ ಮರಳಿದವನು. ಅವನು ಪ್ರಾಮಾಣಿಕ, ಧೈರ್ಯಶಾಲಿ, ಗೆಳೆತನಕ್ಕೆ ಪ್ರಾಣ ಕೊಡುವವನು. ಆದರೆ ಬುದ್ಧಿಯಲ್ಲಿ ನಮ್ಮ ನಿಮ್ಮಂತೆ ಸಾಮಾನ್ಯನು. ಕಥೆಯನ್ನು ಹೇಳುವವನು ಅವನೇ. ಹೋಮ್ಸನು ಕಂಡುದೆಲ್ಲವನ್ನೂ ಅವನು ಕಾಣುತ್ತಾನೆ. ಅವನ ಮೂಲಕ ನಾವೂ ಕಾಣುತ್ತೇವೆ. ಆದರೂ ಅದರ ಅರ್ಥ ನಮಗೆ ಹೊಳೆಯುವುದಿಲ್ಲ. ಹೋಮ್ಸನು ಕೊನೆಯಲ್ಲಿ ಗಂಟನ್ನು ಬಿಚ್ಚಿದಾಗ, ಇಷ್ಟು ಸುಲಭವಾದುದು ನಮಗೇಕೆ ತೋಚಲಿಲ್ಲವೆಂದು ವಾಟ್ಸನ್ನನಂತೆ ನಾವೂ ನಾಚುತ್ತೇವೆ. ಓದುಗನನ್ನೂ ಶೋಧನೆಯಲ್ಲಿ ಪಾಲುಗಾರನನ್ನಾಗಿ ಮಾಡುವ ಈ ತಂತ್ರವನ್ನು ಮುಂದೆ ಅನೇಕ ಲೇಖಕರು ಅನುಸರಿಸಿದರು.

ಹೋಮ್ಸನು ಮೊದಲು ಕಾಣಿಸಿಕೊಂಡ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಎಂಬ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಕಡೆಗೆ ಒಂದು ಸಂಸ್ಥೆಯು ಅದರ ಎಲ್ಲ ಹಕ್ಕುಗಳನ್ನೂ ಕೇವಲ 25 ಪೌಂಡಿಗೆ ಕೊಂಡು, 1887ರ ಕ್ರಿಸ್‌ಮಸ್ ಸಂಚಿಕೆಯೊಂದರಲ್ಲಿ ಪ್ರಕಟಿಸಿತು. ಆ ಪುಸ್ತಕದಿಂದ ಲೇಖಕನಿಗೆ ಮತ್ತೆ ಒಂದು ಬಿಡಿಗಾಸೂ ಬರಲಿಲ್ಲ. ಎರಡನೆಯ ಕಾದಂಬರಿ 'ದಿ ಸೈನ್ ಆಫ್ ಫೋರ್' 1890ರಲ್ಲಿ ಬಂದಿತು. 1857ರ ದಂಗೆಯ ಕಾಲದಲ್ಲಿ ಆಗ್ರಾ ಕೋಟೆಯಲ್ಲಿ ಬಚ್ಚಿಟ್ಟ ನಿಧಿ ಮತ್ತು ಅಂಡಮಾನಿನ ಸೆರೆಮನೆ ಅದರ ಕಥಾವಸ್ತುವಿನಲ್ಲಿ ಸೇರಿವೆ. ಅದುವರೆಗೆ ಭಾರತವನ್ನು ಕಾಣದಿದ್ದ ಡಾಯ್ಲ್ ಅಂದಿನ ಆಂಗ್ಲರ ಕಲ್ಪನೆಯ ಭಾರತವನ್ನೇ ಅಲ್ಲಿ ಚಿತ್ರಿಸಿದನು. ಅಂಡಮಾನಿನ ಮೂಲನಿವಾಸಿಗಳನ್ನು ಕುರಿತು ಅವನು ಬರೆದುದು ಸತ್ಯಕ್ಕೂ ನ್ಯಾಯಕ್ಕೂ ದೂರವಾದುದೆಂಬುದನ್ನು ಇಂದಿನ ಓದುಗರು ಮರೆಯಬಾರದು.

1891ರಲ್ಲಿ ಡಾಯ್ಲ್ ಕಣ್ಣಿನ ವೈದ್ಯನಾಗಿ ಲಂಡನ್ನಿನಲ್ಲಿ ನೆಲೆಸಿದನು. ಅಲ್ಲಿಯೂ ರೋಗಿಗಳು ಬರಲಿಲ್ಲ. ಅದೇ ವರ್ಷ 'ಸ್ಟ್ರ್ಯಾಂಡ್' ಎಂಬ ಹೊಸ ಮಾಸಪತ್ರಿಕೆಯು ಆರಂಭವಾಗಿತ್ತು. ಧಾರಾವಾಹಿಯ ಒಂದು ಕಂತು ತಪ್ಪಿದರೆ ಓದುಗನಿಗೆ ಮುಂದಿನದರಲ್ಲಿ ಆಸಕ್ತಿ ಉಳಿಯುವುದಿಲ್ಲ. ಆದ್ದರಿಂದ ನಾಯಕನು ಒಬ್ಬನೇ ಆಗಿದ್ದು, ಪ್ರತಿ ತಿಂಗಳ ಕಥೆಯೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು ಎಂಬ ಹೊಸ ಆಲೋಚನೆ ಡಾಯ್ಲ್‌ಗೆ ಹೊಳೆಯಿತು. ಜುಲೈ ತಿಂಗಳಿನಿಂದ ಹೋಮ್ಸನ ಸಣ್ಣಕಥೆಗಳು ಅಲ್ಲಿ ಪ್ರಕಟವಾಗತೊಡಗಿದುವು. ಸಿಡ್ನಿ ಪ್ಯಾಜೆಟ್ ಎಂಬ ಕಲಾವಿದನ ಚಿತ್ರಗಳು ಅವಕ್ಕೆ ಮೆರುಗು ಕೊಟ್ಟುವು. ಓದುಗರು ಹುಚ್ಚೆದ್ದು ಓದಿದರು. ಡಾಯ್ಲ್ ವೈದ್ಯವೃತ್ತಿಗೆ ಶರಣು ಹೊಡೆದು ಲೇಖನಿಯನ್ನೇ ನಂಬಿದನು.

ಆದರೆ ಕೀರ್ತಿಯು ಬಂದಂತೆ ಅದರ ಬೇಸರವೂ ಬಂದಿತು. ಡಾಯ್ಲ್‌ನ ಮನಸ್ಸು ನೆಟ್ಟಿದ್ದುದು ಐತಿಹಾಸಿಕ ಕಾದಂಬರಿಗಳಲ್ಲಿ. 'ಮೈಕಾ ಕ್ಲಾರ್ಕ್', 'ದಿ ವೈಟ್ ಕಂಪನಿ' ಮುಂತಾದ ಕೃತಿಗಳಿಗಾಗಿ ಅವನು ರಾಶಿರಾಶಿ ಗ್ರಂಥಗಳನ್ನು ಓದಿದ್ದನು. ತನ್ನ ಹೆಸರು ಉಳಿಯುವುದು ಅವುಗಳಿಂದಲೇ ಎಂದು ಭಾವಿಸಿದ್ದನು. ಹೋಮ್ಸನ ಕಥೆಗಳು ಆ ಕೆಲಸಕ್ಕೆ ಅಡ್ಡಿಯಾದುವು. ಹೊಸ ಕಥೆಗಳನ್ನು ಕೇಳಿಕೊಂಡು ಪತ್ರಿಕೆಯವರು ಬಂದಾಗ, ಅವರು ಹಿಂಜರಿಯಲೆಂದೇ ಅವನು ಹನ್ನೆರಡು ಕಥೆಗಳಿಗೆ 1000 ಪೌಂಡುಗಳ ಭಾರಿ ಸಂಭಾವನೆಯನ್ನು ಕೇಳಿದನು. ಅವರು ಮರುಮಾತಿಲ್ಲದೆ ಒಪ್ಪಿಬಿಟ್ಟರು! ಹೋಮ್ಸನನ್ನು ಕೊಂದುಬಿಡುವ ವಿಚಾರವನ್ನು ಅವನು ತಾಯಿಗೆ ಬರೆದಾಗ ಆಕೆ ಬಲವಾಗಿ ವಿರೋಧಿಸಿದಳು. ಆದರೂ 1893ರ ಡಿಸೆಂಬರಿನಲ್ಲಿ ಪ್ರಕಟವಾದ ಕಥೆಯಲ್ಲಿ, ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತದ ಕಂದಕಕ್ಕೆ ಹೋಮ್ಸನು ತನ್ನ ಶತ್ರು ಮೋರಿಯಾರ್ಟಿಯೊಡನೆ ಉರುಳಿದಂತೆ ಬರೆದು ಡಾಯ್ಲ್ ನಿಟ್ಟುಸಿರು ಬಿಟ್ಟನು.

ಓದುಗರು ಕೆರಳಿದರು. ಇಪ್ಪತ್ತು ಸಾವಿರ ಚಂದಾದಾರರು ಪತ್ರಿಕೆಯನ್ನು ನಿಲ್ಲಿಸಿದರೆಂದು ಪ್ರತೀತಿ. ಬೈಗುಳದ ಕಾಗದಗಳು ಬಂದುವು. ಒಬ್ಬ ಕಲ್ಪಿತ ವ್ಯಕ್ತಿಗಾಗಿ ಜನ ಇಷ್ಟು ದುಃಖಿಸಿದ ಅದೇ ವರ್ಷ ಡಾಯ್ಲ್‌ನ ಮನೆಯನ್ನು ನಿಜವಾದ ದುಃಖ ಆವರಿಸಿತ್ತು. ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದನು. ಪತ್ನಿಗೆ ಕ್ಷಯರೋಗವಿದೆಯೆಂದು ಗೊತ್ತಾಗಿತ್ತು. ಕೆಲವೇ ತಿಂಗಳು ಬದುಕುವಳೆಂದು ವೈದ್ಯರು ಹೇಳಿದ್ದ ಆಕೆಯನ್ನು ಹವೆ ಹಿತವಾದ ನಾಡುಗಳಿಗೆ ಕರೆದೊಯ್ದು ಅವನು ಉಪಚರಿಸಿದನು. ಆಕೆ 1906ರವರೆಗೆ ಬದುಕಿದ್ದಳು.

1900ರಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಸಮಯದಲ್ಲಿ ಡಾಯ್ಲ್ ಬ್ಲೂಮ್‌ಫಾಂಟೇನ್ ನಗರದ ಯುದ್ಧಾಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದನು. ಗುಂಡಿಗಿಂತ ಹೆಚ್ಚಾಗಿ ಅಲ್ಲಿ ಸೈನಿಕರನ್ನು ಕೊಂದುದು ವಿಷಮಶೀತಜ್ವರ. ಆ ಯುದ್ಧದಲ್ಲಿ ಬ್ರಿಟನ್ನಿನ ನಡತೆಯನ್ನು ಸಮರ್ಥಿಸಿ ಅವನೊಂದು ಹೊತ್ತಗೆಯನ್ನು ಬರೆದನು. 1902ರಲ್ಲಿ ಅವನಿಗೆ ಸರ್ ಪದವಿ ದೊರೆಯಿತು. ಈ ನಡುವೆ, ಡಾರ್ಟ್‌ಮೂರ್ ಬಯಲಿನ ಮಂಜಿನಲ್ಲಿ ನಡೆಯುವ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಎಂಬ ಕಾದಂಬರಿಗೆ ಅವನು ಹೋಮ್ಸನನ್ನೇ ನಾಯಕನನ್ನಾಗಿ ಮಾಡಿದನು. ಆದರೆ ಅದು ಹೋಮ್ಸನ ಸಾವಿಗೆ ಹಿಂದಿನ ಕಥೆಯೆಂದು ಜಾಣತನದಿಂದ ನುಣುಚಿಕೊಂಡನು. ಓದುಗರ ಹಸಿವು ಇದರಿಂದ ತಣಿಯಲಿಲ್ಲ. ಕಡೆಗೆ 1903ರಲ್ಲಿ, ಹೋಮ್ಸನು ಕಂದಕಕ್ಕೆ ಬಿದ್ದೇ ಇರಲಿಲ್ಲವೆಂದು ಬರೆದು ಅವನನ್ನು ಮರಳಿ ಬೇಕರ್ ಬೀದಿಗೆ ಕರೆತರಬೇಕಾಯಿತು. ಸೃಷ್ಟಿಕರ್ತನು ಸೃಷ್ಟಿಗೆ ಸೋತನು.

ಕಥೆಯ ಪತ್ತೇದಾರನು ಹೀಗೆ ಮರುಹುಟ್ಟು ಪಡೆದ ವರ್ಷವೇ ನಿಜಜೀವನದಲ್ಲಿ ಒಂದು ಘೋರ ಅನ್ಯಾಯ ನಡೆಯಿತು. ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನ ಗ್ರೇಟ್ ವರ್ಲಿ ಎಂಬ ಹಳ್ಳಿಯಲ್ಲಿ ಶಾಪೂರ್ಜಿ ಎಡಲ್ಜಿ ಎಂಬ ಪಾದ್ರಿಯಿದ್ದನು. ಅವನು ಬೊಂಬಾಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿ, ಕ್ರೈಸ್ತಮತವನ್ನು ಸ್ವೀಕರಿಸಿ, ಆಂಗ್ಲ ಮಹಿಳೆಯನ್ನು ಮದುವೆಯಾಗಿ ಅಲ್ಲಿ ನೆಲೆಸಿದವನು. ಅವನ ಮಗ ಜಾರ್ಜ್ ಎಡಲ್ಜಿ ವಕೀಲನಾಗಿದ್ದನು. ಮಿತಭಾಷಿ, ಪರಿಶ್ರಮಿ, ರೈಲ್ವೆ ಕಾನೂನನ್ನು ಕುರಿತು ಪುಸ್ತಕ ಬರೆದವನು. ಆದರೆ ಆ ಕುಟುಂಬದ ಮೈಬಣ್ಣವನ್ನು ಸಹಿಸದ ಜನರಿದ್ದರು. ಹೆಸರಿಲ್ಲದ ನಿಂದೆಯ ಪತ್ರಗಳು ವರ್ಷಗಟ್ಟಲೆ ಆ ಮನೆಗೆ ಬಂದುವು. 1903ರಲ್ಲಿ ಆ ಸುತ್ತಿನಲ್ಲಿ ಯಾರೋ ರಾತ್ರಿಯ ಹೊತ್ತು ಕುದುರೆ, ದನಗಳ ಹೊಟ್ಟೆಯನ್ನು ಸೀಳತೊಡಗಿದರು. ಪೊಲೀಸರ ಅನುಮಾನ ನೇರವಾಗಿ ಜಾರ್ಜ್‌ನ ಮೇಲೆ ಬಿತ್ತು. ದುರ್ಬಲ ಸಾಕ್ಷ್ಯದ ಮೇಲೆ ನ್ಯಾಯಾಲಯವು ಅವನಿಗೆ ಏಳು ವರ್ಷಗಳ ಕಠಿಣ ಸಜೆಯನ್ನು ವಿಧಿಸಿತು. ಅವನು ಸೆರೆಯಲ್ಲಿದ್ದಾಗಲೂ ಪ್ರಾಣಿಗಳ ಮೇಲಿನ ಹಲ್ಲೆ ನಿಲ್ಲಲಿಲ್ಲ! ಸಾವಿರಾರು ಮಂದಿ ಸಹಿ ಹಾಕಿ ಮನವಿ ಸಲ್ಲಿಸಿದರು. ಮೂರು ವರ್ಷಗಳ ತರುವಾಯ, 1906ರಲ್ಲಿ, ಕಾರಣವನ್ನೇ ತಿಳಿಸದೆ ಸರ್ಕಾರ ಅವನನ್ನು ಬಿಡುಗಡೆ ಮಾಡಿತು. ಆದರೆ ತಲೆಯ ಮೇಲಿನ ಕಳಂಕ ಹಾಗೆಯೇ ಉಳಿಯಿತು. ವಕೀಲಿ ವೃತ್ತಿಗೆ ಮರಳುವಂತಿರಲಿಲ್ಲ. ಅವನು ಡಾಯ್ಲ್‌ಗೆ ಬರೆದುಕೊಂಡನು.

ಪತ್ನಿಯನ್ನು ಕಳೆದುಕೊಂಡು ಯಾವುದರಲ್ಲಿಯೂ ಮನಸ್ಸು ನಿಲ್ಲದಿದ್ದ ಡಾಯ್ಲ್ ಆ ಕಾಗದಪತ್ರಗಳನ್ನು ಓದಿ ಎದ್ದು ನಿಂತನು. ಲಂಡನ್ನಿನ ಹೋಟೆಲೊಂದರಲ್ಲಿ ಇಬ್ಬರೂ ಭೇಟಿಯಾಗುವುದೆಂದು ಗೊತ್ತಾಯಿತು. ಡಾಯ್ಲ್ ತಡವಾಗಿ ಬಂದನು. ಎಡಲ್ಜಿ ವೃತ್ತಪತ್ರಿಕೆಯನ್ನು ಓದುತ್ತ ಕುಳಿತಿದ್ದನು. ಡಾಯ್ಲ್ ಕೂಡಲೇ ಮಾತನಾಡಿಸದೆ ದೂರದಲ್ಲಿಯೇ ನಿಂತು ನೋಡಿದನು. ಎಡಲ್ಜಿಯು ಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ, ಅದೂ ಓರೆಯಾಗಿ, ಹಿಡಿದಿದ್ದನು. ಕಣ್ಣಿನ ವೈದ್ಯನಿಗೆ ಇಷ್ಟು ಸಾಕಾಗಿತ್ತು. ಕಡುವಾದ ಸಮೀಪದೃಷ್ಟಿಯುಳ್ಳ ಈ ಮನುಷ್ಯನು ಮಳೆಯ ಕಗ್ಗತ್ತಲಲ್ಲಿ, ರೈಲುಹಳಿಗಳನ್ನೂ ಬೇಲಿಗಳನ್ನೂ ದಾಟಿ, ಹೊಲದಲ್ಲಿ ಕುದುರೆಯನ್ನು ಹುಡುಕಿ, ಕಾವಲುಗಾರರ ಕಣ್ಣು ತಪ್ಪಿಸಿ ಅದನ್ನು ಇರಿದು ಬರುವುದೆಂದರೆ ನಂಬುವ ಮಾತೇ? ಬಾರದ ರೋಗಿಗಳಿಗಾಗಿ ಕಲಿತಿದ್ದ ನೇತ್ರವಿದ್ಯೆ ಒಬ್ಬ ನಿರಪರಾಧಿಯ ಪಾಲಿಗೆ ಒದಗಿ ಬಂದಿತು.

ಆದರೆ ಡಾಯ್ಲ್ ಒಂದೇ ನೋಟವನ್ನು ನೆಚ್ಚಿ ಕುಳಿತುಕೊಳ್ಳಲಿಲ್ಲ. ಎಡಲ್ಜಿಯ ಕಣ್ಣುಗಳನ್ನು ತಜ್ಞನಿಂದ ಪರೀಕ್ಷೆ ಮಾಡಿಸಿದನು, ತಾನೇ ಗ್ರೇಟ್ ವರ್ಲಿಗೆ ಹೋಗಿ ಸ್ಥಳವನ್ನು ನೋಡಿದನು, ದಾಖಲೆಗಳನ್ನೆಲ್ಲ ಶೋಧಿಸಿದನು. ಎಡಲ್ಜಿಯ ವಿರುದ್ಧ ಸಾಕ್ಷ್ಯ ಹೇಳಿದ ಕೈಬರಹದ ತಜ್ಞನೇ ಮತ್ತೊಂದು ಮೊಕದ್ದಮೆಯಲ್ಲಿಯೂ ತಪ್ಪು ಅಭಿಪ್ರಾಯ ಕೊಟ್ಟು ನಿರಪರಾಧಿಯೊಬ್ಬನ ಸೆರೆಗೆ ಕಾರಣನಾಗಿದ್ದನೆಂಬುದನ್ನು ಎತ್ತಿ ತೋರಿಸಿದನು. 1907ರ ಜನವರಿಯಲ್ಲಿ ಅವನ ಲೇಖನಗಳು 'ಡೈಲಿ ಟೆಲಿಗ್ರಾಫ್' ಪತ್ರಿಕೆಯಲ್ಲಿ ಪ್ರಕಟವಾದುವು. ಯಾವ ಪತ್ರಿಕೆಯಾದರೂ ಅವನ್ನು ಉಚಿತವಾಗಿ ಮರುಮುದ್ರಿಸಬಹುದೆಂದು ಅವನು ಸಾರಿದನು. ನಾಡೆಲ್ಲ ಕೋಲಾಹಲವಾಯಿತು. ಸರ್ಕಾರ ನೇಮಿಸಿದ ಸಮಿತಿಯು ಎಡಲ್ಜಿಯು ಪ್ರಾಣಿಹಿಂಸೆ ಮಾಡಿದವನಲ್ಲವೆಂದು ಒಪ್ಪಿತು. ಅವನಿಗೆ ಕ್ಷಮೆಯೂ ವಕೀಲಿಯ ಹಕ್ಕೂ ದೊರೆತುವು. ಆದರೆ ಕೆಲವು ಪತ್ರಗಳನ್ನು ಬರೆದವನು ಅವನೇ ಎಂದು ಹಟ ಹಿಡಿದು, ಕಳೆದುಹೋದ ಮೂರು ವರ್ಷಗಳಿಗೆ ಸರ್ಕಾರ ಒಂದು ಕಾಸಿನ ಪರಿಹಾರವನ್ನೂ ಕೊಡಲಿಲ್ಲ. ಈ ಅರೆನ್ಯಾಯವನ್ನು ಡಾಯ್ಲ್ ಎಂದೂ ಒಪ್ಪಲಿಲ್ಲ. ಆದರೂ ಅವನ ಹೋರಾಟ ವ್ಯರ್ಥವಾಗಲಿಲ್ಲ. ಅಪರಾಧದ ಮೊಕದ್ದಮೆಗಳಲ್ಲಿ ಮೇಲ್ಮನವಿ ಸಲ್ಲಿಸಲು ಇಂಗ್ಲೆಂಡಿನಲ್ಲಿ ಅದುವರೆಗೆ ಸರಿಯಾದ ನ್ಯಾಯಾಲಯವೇ ಇರಲಿಲ್ಲ. 1907ರಲ್ಲಿ ಅಂಥ ನ್ಯಾಯಾಲಯವನ್ನು ಏರ್ಪಡಿಸುವ ಶಾಸನವಾಗಲು ಈ ಪ್ರಕರಣವೂ ಒಂದು ಕಾರಣವಾಯಿತು. ಅದೇ ವರ್ಷ ಡಾಯ್ಲ್ ಜೀನ್ ಲೆಕಿ ಎಂಬಾಕೆಯನ್ನು ಮದುವೆಯಾದಾಗ ಜಾರ್ಜ್ ಎಡಲ್ಜಿಯೂ ಅತಿಥಿಯಾಗಿ ಬಂದಿದ್ದನು.

ಕೆಲವು ವರ್ಷಗಳ ತರುವಾಯ ಡಾಯ್ಲ್ ಆಸ್ಕರ್ ಸ್ಲೇಟರ್ ಎಂಬ ಜರ್ಮನ್ ಯಹೂದಿಯ ಪರವಾಗಿ ನಿಂತನು. ಗ್ಲಾಸ್ಗೋ ನಗರದಲ್ಲಿ ನಡೆದ ಕೊಲೆಯೊಂದರ ಆಪಾದನೆಯ ಮೇಲೆ ಸ್ಲೇಟರ್‌ಗೆ 1909ರಲ್ಲಿ ಮರಣದಂಡನೆಯಾಗಿ, ಆಮೇಲೆ ಅದು ಜೀವಾವಧಿ ಶಿಕ್ಷೆಯಾಗಿತ್ತು. ಸ್ಲೇಟರ್‌ನ ನಡತೆ ಡಾಯ್ಲ್‌ಗೆ ಮೆಚ್ಚುಗೆಯಾದುದಲ್ಲ. ಆದರೆ ಮನುಷ್ಯನು ಮೆಚ್ಚುಗೆಯಾಗದಿದ್ದ ಮಾತ್ರಕ್ಕೆ ಅವನು ಕೊಲೆಗಾರನಾಗುವುದಿಲ್ಲವಷ್ಟೆ. ಡಾಯ್ಲ್ 1912ರಲ್ಲಿ ಈ ಕುರಿತು ಪುಸ್ತಕವನ್ನು ಬರೆದನು. ಹದಿನೈದು ವರ್ಷ ಕಾದನು. ಸ್ಲೇಟರ್ 1927ರಲ್ಲಿ ಬಿಡುಗಡೆ ಹೊಂದಿದನು. 1928ರಲ್ಲಿ ನ್ಯಾಯಾಲಯವು ಅವನ ಶಿಕ್ಷೆಯನ್ನು ರದ್ದುಗೊಳಿಸಿತು.

ಡಾಯ್ಲ್‌ನ ಕೊನೆಯ ವರ್ಷಗಳು ನಮ್ಮನ್ನು ಚಿಂತೆಗೆ ಹಚ್ಚುತ್ತವೆ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡಿದ್ದ ಹಿರಿಯ ಮಗ ಕಿಂಗ್ಸ್‌ಲಿ 1918ರಲ್ಲಿ ಜ್ವರಕ್ಕೆ ಬಲಿಯಾದನು. ಮರುವರ್ಷ, ಹಿಂದೊಮ್ಮೆ ಸೌತ್‌ಸೀಯ ಬಡಮನೆಯ ಬಾಗಿಲು ತೆರೆಯುತ್ತಿದ್ದ ತಮ್ಮ ಇನ್ನೆಸ್ ತೀರಿಕೊಂಡನು. ಸತ್ತವರ ಆತ್ಮಗಳೊಡನೆ ಮಾತನಾಡಬಹುದೆಂಬ ನಂಬಿಕೆಯಲ್ಲಿ ಡಾಯ್ಲ್‌ಗೆ ಮೊದಲಿನಿಂದಲೂ ಆಸಕ್ತಿಯಿತ್ತು. ಈಗ ಅದರ ಪ್ರಚಾರವೇ ಅವನ ಜೀವನವ್ರತವಾಯಿತು. ಅದಕ್ಕಾಗಿ ಹಣವನ್ನೂ ಆರೋಗ್ಯವನ್ನೂ ಸುರಿದು ದೇಶದೇಶಗಳನ್ನು ಸುತ್ತಿದನು. ಕಾಟಿಂಗ್ಲಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರು ತೆಗೆದ ಯಕ್ಷಿಣಿಯರ ಛಾಯಾಚಿತ್ರಗಳನ್ನು ನಿಜವೆಂದು ನಂಬಿ, 1922ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಆ ಯಕ್ಷಿಣಿಯರು ಕಾಗದದಲ್ಲಿ ಕತ್ತರಿಸಿದ ಗೊಂಬೆಗಳೆಂದು, ಮುದುಕಿಯರಾಗಿದ್ದ ಆ ಸೋದರಸಂಬಂಧಿಗಳೇ 1983ರಲ್ಲಿ ಒಪ್ಪಿಕೊಂಡರು. ಹೋಮ್ಸನಾಗಿದ್ದರೆ ಒಂದೇ ನೋಟದಲ್ಲಿ ನಕ್ಕುಬಿಡುತ್ತಿದ್ದನು. ಹೋಮ್ಸನನ್ನು ಹೆತ್ತವನಿಗೆ ಅದು ಸಾಧ್ಯವಾಗಲಿಲ್ಲ. ಬುದ್ಧಿ ಎಷ್ಟೇ ಹರಿತವಾಗಿರಲಿ, ಮನಸ್ಸು ಒಂದನ್ನು ಬಯಸಿ ಬಯಸಿ ನಂಬಲು ಸಿದ್ಧವಾದಾಗ ಕಣ್ಣು ತನ್ನ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಎಡಲ್ಜಿಯನ್ನು ಕುರಿತು ಪೊಲೀಸರಿಗೆ ಆದುದೂ ಇದೇ ಅಲ್ಲವೇ? ಅವರನ್ನು ಕುರುಡಾಗಿಸಿದುದು ದ್ವೇಷ; ಡಾಯ್ಲ್‌ನನ್ನು ಕುರುಡಾಗಿಸಿದುದು ಪ್ರೀತಿ ಮತ್ತು ಶೋಕ. ಮೊದಲನೆಯದನ್ನು ನಾವು ಖಂಡಿಸುತ್ತೇವೆ, ಎರಡನೆಯದಕ್ಕೆ ಮರುಗುತ್ತೇವೆ. ಆದರೆ ಎರಡರಿಂದಲೂ ಎಚ್ಚರವಾಗಿರುವುದು ಒಳ್ಳೆಯದು.

1930ರ ಜುಲೈ 7ರಂದು, 71ನೆಯ ವಯಸ್ಸಿನಲ್ಲಿ, ಡಾಯ್ಲ್ ಕ್ರೋಬರೋ ಎಂಬಲ್ಲಿ ತನ್ನ ಮನೆಯಲ್ಲಿ ನಿಧನ ಹೊಂದಿದನು. ಹೋಮ್ಸನನ್ನು ಕುರಿತು ಅವನು ಬರೆದುದು 4 ಕಾದಂಬರಿಗಳು ಮತ್ತು 56 ಸಣ್ಣಕಥೆಗಳು. ಅವನ ಹಿಂದೆ ಪತ್ತೇದಾರರ ದೊಡ್ಡ ಪರಂಪರೆಯೇ ಬೆಳೆಯಿತು. ಚೆಸ್ಟರ್ಟನ್ನನ ಫಾದರ್ ಬ್ರೌನ್, ಅಗಾಥಾ ಕ್ರಿಸ್ಟಿಯ ಪ್ವಾರೋ, ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ ಬಕ್ಷಿ ಇವರೆಲ್ಲ ಆ ಪರಂಪರೆಯವರು. ಸತ್ಯಜಿತ್ ರಾಯ್ ಅವರ ಫೆಲುದಾ ಹೋಮ್ಸನನ್ನು ಗುರುವೆಂದೇ ಭಾವಿಸುತ್ತಾನೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು ಜನಸಾಮಾನ್ಯರಲ್ಲಿ ಓದುವ ಹವ್ಯಾಸವನ್ನು ಬೆಳೆಸಿದರು. ಕಥೆಯಿಂದಾಚೆಗೂ ಹೋಮ್ಸನ ಪ್ರಭಾವ ಹಬ್ಬಿತು. 1910ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಅಪರಾಧಶೋಧನೆಯ ಪ್ರಯೋಗಶಾಲೆಯನ್ನು ಸ್ಥಾಪಿಸಿದ ವಿಜ್ಞಾನಿ ಎಡ್ಮಂಡ್ ಲೋಕಾರ್ ತನ್ನ ಶಿಷ್ಯರಿಗೆ ಹೋಮ್ಸನ ಕಥೆಗಳನ್ನು ಓದುವಂತೆ ಹೇಳುತ್ತಿದ್ದನು.

ಕುದುರೆಗಾಡಿಗಳ ಕಾಲದಲ್ಲಿ ಹುಟ್ಟಿದ ಈ ಕಥೆಗಳನ್ನು ಜನ ಇಂದಿಗೂ ಏಕೆ ಓದುತ್ತಾರೆ? ಕಥೆಯ ಆರಂಭದಲ್ಲಿ ಒಂದು ಅನ್ಯಾಯ ನಡೆದಿರುತ್ತದೆ, ಎಲ್ಲವೂ ಗೊಂದಲವಾಗಿರುತ್ತದೆ, ಹಲವು ವೇಳೆ ನಿರಪರಾಧಿಯ ಮೇಲೆ ಅನುಮಾನ ಬಿದ್ದಿರುತ್ತದೆ. ಕೊನೆಯ ಪುಟ ಮುಗಿಯುವ ವೇಳೆಗೆ ಕತ್ತಲು ಹರಿದಿರುತ್ತದೆ. ಇದನ್ನು ಸಾಧಿಸುವುದು ತೋಳ್ಬಲವಲ್ಲ, ದೈವಸಹಾಯವಲ್ಲ. ಸಣ್ಣದನ್ನೂ ಕಡೆಗಣಿಸದ ಗಮನ ಮತ್ತು ಸಾಕ್ಷ್ಯ ಸಿಕ್ಕುವ ಮುನ್ನ ತೀರ್ಪು ಕೊಡದ ಸಂಯಮ. ನಿಜಜೀವನದಲ್ಲಿ ಎಲ್ಲ ಗಂಟುಗಳೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ ಎಂಬುದು ಡಾಯ್ಲ್‌ಗೆ ತಿಳಿದಿತ್ತು. ಹಾಗೆಂದು ಅವನು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಒಬ್ಬ ಅಪರಿಚಿತನ ಕಾಗದ ಬಂದಾಗ ಎದ್ದು ಹೋದನು. ಊರೆಲ್ಲ ತಪ್ಪಿತಸ್ಥನೆಂದು ದೂರಿದವನನ್ನು ತನ್ನ ಕಣ್ಣಿನಿಂದ ತಾನು ನೋಡಿದನು. ಅವನ ಅರವತ್ತು ಕಥೆಗಳ ಜೊತೆಗೆ ನಾವು ನೆನಪಿನಲ್ಲಿಡಬೇಕಾದ ಅರವತ್ತೊಂದನೆಯ ಕಥೆಯೆಂದರೆ ಇದೇ.